ಭೂದೃಶ್ಯ ವಾಸ್ತುಶಿಲ್ಪ: ಯಾರು ಕಲಿಯಬಹುದು, ಏನನ್ನು ಕಲಿಯಬೇಕು?

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಶಿಲಾಸ್ತಂಭವನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಐದನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಈ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಚರಿತ್ರೆಯನ್ನು ಓದುವವರು ಮಯೂರಶರ್ಮನ ವೃತ್ತಾಂತಕ್ಕಾಗಿ ಇದನ್ನು ಓದುತ್ತಾರೆ. ಆದರೆ ಶಾಸನವು ಹುಟ್ಟಿದ ಸಂದರ್ಭವೇ ಬೇರೆ. ಕದಂಬರ ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು; ಆ ಕೆರೆಯ ನಿಮಿತ್ತವಾಗಿಯೇ ಕವಿಯು ಇಷ್ಟನ್ನೂ ಹೇಳಿದ್ದಾನೆ. ಒಂದು ರಾಜವಂಶದ ಕಥೆ ನಮಗೆ ಉಳಿದುಬಂದದ್ದು ಒಂದು ಕೆರೆಯ ನೆಪದಲ್ಲಿ.

ತಾಳಗುಂದದಿಂದ ಪಶ್ಚಿಮಕ್ಕೆ ಹೊರಟು ಆನವಟ್ಟಿ, ಜಡೆಗಳ ಸೀಮೆಯನ್ನು ಹಾದು ಬನವಾಸಿಯತ್ತ ಸಾಗುವವನಿಗೆ ಇಂಥ ಕೆಲಸ ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಈ ನೆಲವು ವರದಾ ನದಿಯ ಜಲಾನಯನಕ್ಕೆ ಸೇರಿದ್ದು. ಏರಿ, ತೂಬು, ಕೋಡಿ. ಕೋಡಿಯಿಂದ ಹರಿದ ನೀರನ್ನು ಹಿಡಿಯುವ ಮುಂದಿನ ಕೆರೆ. ಕೆರೆಯ ಕೆಳಗೆ ಗದ್ದೆ, ಗದ್ದೆಯ ಮೇಲ್ಭಾಗದಲ್ಲಿ ಅಡಕೆಯ ತೋಟ, ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ, ಎಲ್ಲದರ ತಲೆಯ ಮೇಲೆ ಕಾನು. ಇವು ತಾವಾಗಿ ಹೀಗೆ ಜೋಡಣೆಗೊಂಡವಲ್ಲ. ನೆಲದ ಇಳಿಜಾರನ್ನು ಬಲ್ಲವರು ತಲೆಮಾರುಗಳ ಕಾಲ ಯೋಚಿಸಿ ಹೀಗೆ ಜೋಡಿಸಿದ್ದಾರೆ. ನೆಲ, ನೀರು, ಗಿಡಮರ, ಮನುಷ್ಯನ ಸಂಚಾರ, ಈ ನಾಲ್ಕನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು ಒಂದು ಸ್ಥಳವನ್ನು ರೂಪಿಸುವ ವಿದ್ಯೆಗೆ ಈಗಿನ ವಿಶ್ವವಿದ್ಯಾಲಯಗಳಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂದು ಹೆಸರು. ಅದನ್ನು ನಾವು ಭೂದೃಶ್ಯ ವಾಸ್ತುಶಿಲ್ಪ ಎನ್ನೋಣ. ಜಡೆಯಂಥ ಊರಿನ ಹುಡುಗನಾಗಲಿ ಹುಡುಗಿಯಾಗಲಿ ಈ ವಿದ್ಯೆಯನ್ನು ಕಲಿಯಬೇಕೆಂದು ಬಯಸಿದರೆ ಯಾವ ಬಾಗಿಲಿನಿಂದ ಒಳಹೋಗಬೇಕು, ಒಳಗೆ ಏನನ್ನು ಕಲಿಸುತ್ತಾರೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಹೂದೋಟ ಮಾಡುವುದಕ್ಕೂ ಒಂದು ಪದವಿ ಬೇಕೆ ಎಂದು ಕೇಳುವವರುಂಟು. ತೋಟಗಾರನ ಕೆಲಸವೇನೂ ಹಗುರವಾದುದಲ್ಲ. ಆದರೆ ಇದು ಆ ಕೆಲಸವಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಕೆರೆಯೊಂದನ್ನು 'ಅಭಿವೃದ್ಧಿ'ಪಡಿಸಬೇಕೆಂದು ಹೊರಟವರು ಸುತ್ತಲೂ ಕಲ್ಲಿನ ಗೋಡೆ ಕಟ್ಟಿ, ಅದರ ಮೇಲೆ ಸಿಮೆಂಟಿನ ದಾರಿ ಹಾಕಿ, ಹುಲ್ಲು ಹಾಸಿ, ಬೆಂಚುಗಳನ್ನಿಟ್ಟು ಕೈತೊಳೆದುಕೊಳ್ಳುವುದನ್ನು ನಾವು ಎಷ್ಟೋ ಊರುಗಳಲ್ಲಿ ಕಾಣುತ್ತೇವೆ. ನೋಟಕ್ಕೆ ಅದು ಅಚ್ಚುಕಟ್ಟೇ. ಆದರೆ ಮೇಲಿನ ಹಳ್ಳದಿಂದ ನೀರು ಬರುತ್ತಿದ್ದ ಕಾಲುವೆ ಆ ಗೋಡೆಗೆ ಸಿಕ್ಕಿ ಮುಚ್ಚಿಹೋಗಿರುತ್ತದೆ. ದನಗಳು ನೀರಿಗೆ ಇಳಿಯುತ್ತಿದ್ದ ಇಳಿಜಾರು ಇಲ್ಲವಾಗಿರುತ್ತದೆ. ಆಳವಿಲ್ಲದ ಅಂಚಿನ ಕೆಸರಿನಲ್ಲಿ ಮೇಯುತ್ತಿದ್ದ ಹಕ್ಕಿಗಳು ಬೇರೆಡೆಗೆ ಹೋಗಿರುತ್ತವೆ. ಹಣವೂ ವ್ಯಯವಾಯಿತು, ಕೆರೆಯೂ ಬಡವಾಯಿತು. ಕೆಲಸವನ್ನು ಮಾಡಿಸಿದವರಲ್ಲಿ ದುರುದ್ದೇಶವೇನೂ ಇರಬೇಕಾಗಿಲ್ಲ. ನೆಲವನ್ನು ಓದಬಲ್ಲವರೊಬ್ಬರು ಅವರ ಜೊತೆಗೆ ಇರಲಿಲ್ಲ, ಅಷ್ಟೆ. ಆ ಓದನ್ನು ಕಲಿಸುವುದೇ ಈ ಪದವಿಯ ಉದ್ದೇಶ.

ಈ ವೃತ್ತಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಎಂಬಿಬ್ಬರು 1858ರಲ್ಲಿ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿಗಾಗಿ ಒಪ್ಪಿಸಿದ ನಕ್ಷೆಯು ಸ್ಪರ್ಧೆಯಲ್ಲಿ ಗೆದ್ದಿತು. ಈ ವೃತ್ತಿಗೆ ಈಗಿನ ಹೆಸರು ರೂಢಿಗೆ ಬಂದದ್ದು ಅವರಿಂದ. 1900ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಇದನ್ನು ಕಲಿಸಲು ತೊಡಗಿತು. ಅಂತರರಾಷ್ಟ್ರೀಯ ಒಕ್ಕೂಟವೊಂದು 1948ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸ್ಥಾಪಿತವಾಯಿತು. 1969ರಲ್ಲಿ ಇಯಾನ್ ಮೆಕ್‌ಹಾರ್ಗ್ ಎಂಬ ಪ್ರಾಧ್ಯಾಪಕರು 'ಡಿಸೈನ್ ವಿತ್ ನೇಚರ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಮಣ್ಣು, ಇಳಿಜಾರು, ನೀರು, ಸಸ್ಯ, ಇವುಗಳಿಗೆ ಒಂದೊಂದು ಪಾರದರ್ಶಕ ನಕ್ಷೆಯನ್ನು ಮಾಡಿ, ಒಂದರ ಮೇಲೊಂದನ್ನಿಟ್ಟು ನೋಡಿದರೆ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬುದು ತಾನಾಗಿ ಹೊಳೆಯುತ್ತದೆಂಬ ಅವರ ವಿಧಾನವೇ ಇಂದು ಗಣಕಯಂತ್ರದಲ್ಲಿ ನಡೆಯುವ ಭೂಮಾಹಿತಿ ವಿಶ್ಲೇಷಣೆಗೆ ತಳಹದಿಗಳಲ್ಲೊಂದಾಗಿದೆ.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಹಿಂದೆ ಉದ್ಯಾನ ಶಾಲೆಯಲ್ಲಿ ಪಳಗಿದವರು ಮಾಡುತ್ತಿದ್ದರು. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ, ಬರೋಡೆಯ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಅವರು ಲಾಲ್‌ಬಾಗನ್ನು ಬೆಳೆಸಿದರು. ಬೆಂಗಳೂರಿನ ಬೀದಿಗಳಲ್ಲಿ ವರ್ಷದ ಒಂದು ಕಾಲಕ್ಕಲ್ಲದಿದ್ದರೆ ಇನ್ನೊಂದು ಕಾಲಕ್ಕೆ ಯಾವುದಾದರೂ ಮರ ಹೂಬಿಟ್ಟಿರುವಂತೆ ಯೋಜಿಸಿದರು. ಅವರು ತೀರಿಕೊಂಡದ್ದು 1956ರಲ್ಲಿ, ಬೆಂಗಳೂರಿನಲ್ಲಿಯೇ. ಆ ದಾರಿ ಈಗ ಮುಚ್ಚಿದೆ. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯು 1970ರ ದಶಕದ ಆರಂಭದಲ್ಲಿ ಈ ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣವನ್ನು ತೊಡಗಿದಂದಿನಿಂದ ಭಾರತದಲ್ಲಿ ಇದು ಮುಖ್ಯವಾಗಿ ಎರಡನೆಯ ಪದವಿಯ ವಿಷಯವಾಗಿದೆ. ಎಂದರೆ, ಮೊದಲು ವಾಸ್ತುಶಿಲ್ಪದಲ್ಲಿ ಐದು ವರ್ಷದ ಪದವಿ. ಅನಂತರ ಭೂದೃಶ್ಯ ವಾಸ್ತುಶಿಲ್ಪದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ. ಒಟ್ಟು ಏಳು ವರ್ಷ. ಹದಿನೆಂಟನೆಯ ವಯಸ್ಸಿಗೆ ಹೊರಟವರು ಇಪ್ಪತ್ತೈದಕ್ಕೆ ಮುಟ್ಟುತ್ತಾರೆ. ತಂದೆತಾಯಿಗಳು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇಲ್ಲಿ ವಿದ್ಯಾರ್ಥಿಯು ಎಚ್ಚರದಿಂದ ಗಮನಿಸಬೇಕಾದ ವಿಷಯವೊಂದಿದೆ. ಈ ಏಳು ವರ್ಷಗಳ ಹಣೆಬರಹವು ನಿರ್ಧಾರವಾಗುವುದು ಹತ್ತನೆಯ ತರಗತಿ ಮುಗಿದ ಬೇಸಗೆಯಲ್ಲಿ, ಪದವಿಪೂರ್ವ ಕಾಲೇಜಿನ ಅರ್ಜಿಯಲ್ಲಿ ವಿಷಯಗಳನ್ನು ಬರೆಯುವ ಗಳಿಗೆಯಲ್ಲಿ. ಗಿಡಮರಗಳ ಮೇಲೆ ಪ್ರೀತಿಯಿರುವ ಮಗುವಿಗೆ ಮನೆಯವರೂ ನೆರೆಯವರೂ ಜೀವಶಾಸ್ತ್ರವನ್ನು ಸೂಚಿಸುವುದು ಸಹಜ. ಗಣಿತಕ್ಕೆ ಹೆದರಿ ಅದನ್ನು ಕೈಬಿಡುವುದೂ ಅಷ್ಟೇ ಸಹಜ. ಆದರೆ ವಾಸ್ತುಶಿಲ್ಪದ ಪದವಿಗೆ ಗಣಿತವು ಕಡ್ಡಾಯ. ವಾಸ್ತುಶಿಲ್ಪಿಗಳ ಅಧಿನಿಯಮ, 1972ರ ಮೇರೆಗೆ ರಚಿತವಾದ ವಾಸ್ತುಶಿಲ್ಪ ಪರಿಷತ್ತು ಪ್ರವೇಶದ ಕನಿಷ್ಠ ಅರ್ಹತೆಯನ್ನು ಗೊತ್ತುಮಾಡುತ್ತದೆ. ಈಚಿನ ನಿಯಮಗಳಂತೆ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರಲೇಬೇಕು. ಮೂರನೆಯದು ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಕವಿಜ್ಞಾನ ಮೊದಲಾದವುಗಳಲ್ಲಿ ಒಂದಾಗಬಹುದು. ಗಣಿತವನ್ನು ಓದಿ ಮೂರು ವರ್ಷದ ಡಿಪ್ಲೊಮ ಪಡೆದವರಿಗೂ ಅವಕಾಶವುಂಟು. ಕನಿಷ್ಠ ಅಂಕವು ಶೇಕಡ 45 ಅಥವಾ 50 ಎಂದು ಆಯಾ ವರ್ಷದ ಪ್ರಕಟಣೆಯಂತೆ ವ್ಯತ್ಯಾಸವಾಗುವುದುಂಟಾದ್ದರಿಂದ ಹಳೆಯ ಕೈಪಿಡಿಯನ್ನು ನಂಬಬಾರದು. ಜೀವಶಾಸ್ತ್ರವನ್ನು ಮಾತ್ರ ಹಿಡಿದು ಗಣಿತವನ್ನು ಬಿಟ್ಟವರಿಗೆ ಈ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು.

ಇದರೊಡನೆ ಒಂದು ಅಭಿರುಚಿ ಪರೀಕ್ಷೆಯುಂಟು. ಪರಿಷತ್ತು 2006ರಿಂದ ನಡೆಸುತ್ತಿರುವ 'ನಾಟ' ಎಂಬ ಈ ಪರೀಕ್ಷೆಗೆ ಈಗ 200 ಅಂಕಗಳು. ಅದರಲ್ಲಿ 80 ಅಂಕ ಕೈಯಿಂದ ಬಿಡಿಸುವ ಚಿತ್ರ ಮತ್ತು ರಚನೆಗೆ. ಉಳಿದ 120 ಅಂಕ ಗಣಕಯಂತ್ರದ ಮುಂದೆ ಉತ್ತರಿಸುವ ಪ್ರಶ್ನೆಗಳಿಗೆ. ಕರ್ನಾಟಕದ ಕಾಲೇಜುಗಳಲ್ಲಿ ಸರ್ಕಾರದ ಪಾಲಿನ ಸ್ಥಾನಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುತ್ತದೆ. ಪದವಿಪೂರ್ವ ಪರೀಕ್ಷೆಯ ಅಂಕಕ್ಕೂ ನಾಟದ ಅಂಕಕ್ಕೂ ಸಮಪಾಲು ಕೊಟ್ಟು ಯೋಗ್ಯತಾಪಟ್ಟಿಯನ್ನು ಮಾಡುತ್ತದೆ. ದೆಹಲಿ, ಭೋಪಾಲ್, ವಿಜಯವಾಡಗಳಲ್ಲಿರುವ ಕೇಂದ್ರದ ಮೂರು ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಿಗೆ ಸೇರಬೇಕೆನ್ನುವವರು ನಾಟಕ್ಕೆ ಬದಲಾಗಿ ಜೆ.ಇ.ಇ. ಮುಖ್ಯ ಪರೀಕ್ಷೆಯ ಎರಡನೆಯ ಪತ್ರಿಕೆಯನ್ನು ಬರೆಯಬೇಕು. ಸೊರಬ ತಾಲ್ಲೂಕಿನವರಿಗೆ ಬೆಂಗಳೂರಿಗಿಂತ ಹುಬ್ಬಳ್ಳಿ ಹತ್ತಿರ, ಅಲ್ಲಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿಯೂ ವಾಸ್ತುಶಿಲ್ಪ ವಿಭಾಗವುಂಟು.

ಚಿತ್ರವೆಂದೊಡನೆ ಹಳ್ಳಿಯ ವಿದ್ಯಾರ್ಥಿಗಳು ಅಂಜುವುದನ್ನು ನಾವು ಕಂಡಿದ್ದೇವೆ. ಪಟ್ಟಣದಲ್ಲಿ ಈ ಪರೀಕ್ಷೆಗೆಂದೇ ಹಣ ತೆಗೆದುಕೊಂಡು ಹೇಳಿಕೊಡುವವರಿದ್ದಾರೆಂಬುದು ನಿಜ. ಆದರೆ ಪರೀಕ್ಷಕರು ನೋಡುವುದು ಅಲಂಕಾರವನ್ನಲ್ಲ. ವಸ್ತುಗಳ ಪ್ರಮಾಣ, ದೂರಸಾಮೀಪ್ಯ, ಬೆಳಕು ನೆರಳುಗಳನ್ನು ವಿದ್ಯಾರ್ಥಿಯು ಸರಿಯಾಗಿ ಗ್ರಹಿಸಿದ್ದಾನೆಯೇ ಎಂಬುದನ್ನು. ಕುಬಟೂರಿನ ಕೈಟಭೇಶ್ವರ ದೇವಾಲಯದ ಕಂಬಗಳ ಸಾಲಿನ ಮುಂದೆ ಕುಳಿತು, ಹತ್ತಿರದ ಕಂಬ ಎಷ್ಟು ದೊಡ್ಡದಾಗಿ ಕಾಣುತ್ತದೆ, ಕೊನೆಯದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂದು ವಾರಕ್ಕೊಮ್ಮೆ ಪೆನ್ಸಿಲಿನಿಂದ ಬರೆದು ಅಭ್ಯಾಸ ಮಾಡಿದವರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕುವುದು ದುರ್ಲಭ. ಸೊರಬದ ಗುಡಿಗಾರರು ಗಂಧದ ತುಂಡಿನ ಮೇಲೆ ಉಳಿಯಿಡುವ ಮೊದಲು ಬರೆದುಕೊಳ್ಳುವ ರೇಖೆಗಳನ್ನು ನೋಡಿದರೂ ಕೈಗೆ ಬುದ್ಧಿ ಬರುತ್ತದೆ.

ಐದು ವರ್ಷ ಮುಗಿಸಿ ಪದವಿ ಪಡೆದವರು ಸ್ನಾತಕೋತ್ತರ ಪ್ರವೇಶಕ್ಕೆ ಮತ್ತೊಂದು ಪರೀಕ್ಷೆಯನ್ನು ಎದುರಿಸಬೇಕು. ಕೇಂದ್ರದ ಶಾಲೆಗಳಲ್ಲಿ 'ಗೇಟ್' ಪರೀಕ್ಷೆಯ ವಾಸ್ತುಶಿಲ್ಪ ಮತ್ತು ಯೋಜನೆ ಎಂಬ ಪತ್ರಿಕೆಯ ಅಂಕಗಳನ್ನು ನೋಡುತ್ತಾರೆ. ಈ ಅಂಕಗಳಿಗೆ ಮೂರು ವರ್ಷದ ಮಾನ್ಯತೆ ಇರುವುದರಿಂದ ನಡುವೆ ಒಂದೆರಡು ವರ್ಷ ಕೆಲಸ ಮಾಡಿ ಅನುಭವ ಪಡೆದು ಸೇರುವುದಕ್ಕೂ ಅನುಕೂಲವಿದೆ. ಹಾಗೆ ಮಾಡುವುದು ಲೇಸೆಂದೇ ನಮ್ಮ ಅಭಿಪ್ರಾಯ. ಕರ್ನಾಟಕದ ಕಾಲೇಜುಗಳಿಗೆ ರಾಜ್ಯದ ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆಯ ದಾರಿಯೂ ಉಂಟು.

ಈಗ ಒಂದು ಗೊಂದಲವನ್ನು ಬಿಡಿಸಬೇಕು. ತೋಟಗಾರಿಕೆಯ ವಿಶ್ವವಿದ್ಯಾಲಯಗಳಲ್ಲಿ ಪುಷ್ಪಕೃಷಿಯೊಡನೆ ಭೂದೃಶ್ಯ ರಚನೆಯನ್ನು ಕೂಡಿಸಿದ ಸ್ನಾತಕೋತ್ತರ ಪದವಿಯೊಂದಿದೆ. ಹೆಸರು ಬಹುಮಟ್ಟಿಗೆ ಒಂದೇ ಆದರೂ ಇದು ಬೇರೆ ವಿದ್ಯೆ. ಇದಕ್ಕೆ ಬುನಾದಿಯು ತೋಟಗಾರಿಕೆ ಅಥವಾ ಕೃಷಿಯ ನಾಲ್ಕು ವರ್ಷದ ಪದವಿ; ಅಲ್ಲಿಗೆ ಜೀವಶಾಸ್ತ್ರವು ಬೇಕು. ನೆರೆಯ ಶಿರಸಿಯಲ್ಲಿ ಅರಣ್ಯ ಕಾಲೇಜೂ ತೋಟಗಾರಿಕೆ ಕಾಲೇಜೂ ಇವೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಕೃಷಿಕರ ಮಕ್ಕಳಿಗೆ ಈ ಕಾಲೇಜುಗಳಲ್ಲಿ ಕೆಲವು ಸ್ಥಾನಗಳು ಮೀಸಲಾಗಿದ್ದು, ಅವುಗಳಿಗಾಗಿ ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯನ್ನು ನಡೆಸುತ್ತಾರೆ. ಜಡೆಯ ರೈತನ ಮಗಳಿಗೆ ಅದೇನೂ ಕಠಿಣವಾಗಲಾರದು. ಈ ದಾರಿಯಲ್ಲಿ ಹೋದವರು ಸಸ್ಯಗಳನ್ನು ವಾಸ್ತುಶಿಲ್ಪಿಗಿಂತ ಚೆನ್ನಾಗಿ ಅರಿತಿರುತ್ತಾರೆ. ಆದರೆ ಅವರಿಗೆ ವಾಸ್ತುಶಿಲ್ಪಿ ಎಂದು ನೋಂದಾಯಿಸಿಕೊಳ್ಳುವ ಹಕ್ಕು ಬರುವುದಿಲ್ಲ. ಕಾನೂನಿನಂತೆ ಆ ಹೆಸರು ಪರಿಷತ್ತಿನಲ್ಲಿ ನೋಂದಾಯಿತರಾದವರಿಗೆ ಮಾತ್ರ ಸಲ್ಲುತ್ತದೆ. ಭೂದೃಶ್ಯ ವಾಸ್ತುಶಿಲ್ಪಿಗಳಿಗೆಂದು ಪ್ರತ್ಯೇಕವಾದ ಶಾಸನಬದ್ಧ ಪರಿಷತ್ತು ನಮ್ಮಲ್ಲಿಲ್ಲ. 2003ರಲ್ಲಿ ಸ್ಥಾಪಿತವಾದ ಭಾರತೀಯ ಭೂದೃಶ್ಯ ವಾಸ್ತುಶಿಲ್ಪಿಗಳ ಸಂಘವು ವೃತ್ತಿಯವರು ತಾವಾಗಿ ಕಟ್ಟಿಕೊಂಡ ಸಂಸ್ಥೆ.

ಹೀಗಿರುವಲ್ಲಿ ಹದಿನಾರನೆಯ ವಯಸ್ಸಿನ ವಿದ್ಯಾರ್ಥಿಗೆ ನಾವು ಕೊಡಬಹುದಾದ ಸಲಹೆ ಒಂದೇ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಈ ನಾಲ್ಕನ್ನೂ ತೆಗೆದುಕೊಳ್ಳುವುದು. ಹೊರೆ ಹೆಚ್ಚು, ನಿಜ. ಆದರೆ ಎರಡು ಬಾಗಿಲುಗಳೂ ಎರಡು ವರ್ಷ ತೆರೆದಿರುತ್ತವೆ.

ಗಣಿತವೇತಕ್ಕೆ ಎಂದು ಕೇಳುವವರಿಗೆ ಒಂದು ಲೆಕ್ಕವನ್ನು ಮಾಡಿತೋರಿಸೋಣ. ಊರಿನ ಪಕ್ಕದಲ್ಲಿ ಒಂದು ಎಕರೆ ನೆಲವಿದೆಯೆಂದು ಇಟ್ಟುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 4,047 ಚದರ ಮೀಟರು. ಆಷಾಢದ ಒಂದು ದಿನ 50 ಮಿಲಿಮೀಟರು ಮಳೆ ಬಿದ್ದರೆ ಆ ನೆಲದ ಮೇಲೆ ಬಿದ್ದ ನೀರು ಸುಮಾರು 202 ಘನಮೀಟರು, ಎಂದರೆ ಎರಡು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಆ ನೆಲವು ಮರಗಳಿಂದ ಮುಚ್ಚಿ ತರಗೆಲೆ ಹಾಸಿದ್ದರೆ ಸ್ಥೂಲವಾಗಿ ಐದರಲ್ಲೊಂದು ಪಾಲು, ನಲವತ್ತು ಸಾವಿರ ಲೀಟರು, ಹೊರಗೆ ಹರಿದೀತು. ಮಿಕ್ಕುದು ಅಲ್ಲಿಯೇ ಇಂಗುತ್ತದೆ. ಅದೇ ನೆಲಕ್ಕೆ ಸಿಮೆಂಟು ಹಾಸಿದರೆ ಹತ್ತರಲ್ಲಿ ಒಂಬತ್ತು ಪಾಲು, ಒಂದು ಲಕ್ಷ ಎಂಬತ್ತು ಸಾವಿರ ಲೀಟರು, ಒಂದೇ ಸಲಕ್ಕೆ ಕೆಳಗಿನವರ ಹಿತ್ತಲಿಗೆ ನುಗ್ಗುತ್ತದೆ. ಚರಂಡಿಯ ಅಗಲ, ಮೋರಿಯ ವ್ಯಾಸ, ಇಂಗುಗುಂಡಿಯ ಆಳ, ಎಲ್ಲವೂ ಈ ಲೆಕ್ಕದಿಂದ ಹುಟ್ಟುತ್ತವೆ. ಇಳಿಜಾರಿನ ಲೆಕ್ಕವೂ ಇಂಥದೇ. ಗಾಲಿಕುರ್ಚಿಯಲ್ಲಿ ಬರುವವರಿಗೆ ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾದ ಏರು ಇರಕೂಡದು. ಆದುದರಿಂದ ಅರವತ್ತು ಸೆಂಟಿಮೀಟರು ಎತ್ತರದ ಜಗಲಿಗೆ ಏಳು ಮೀಟರು ಇಪ್ಪತ್ತು ಸೆಂಟಿಮೀಟರು ಉದ್ದದ ಓಟದ ದಾರಿ ಬೇಕು. ಅಷ್ಟು ಸ್ಥಳವನ್ನು ಮೊದಲೇ ಬಿಡದೆ ಕಟ್ಟಿದವರು ಆಮೇಲೆ ಮಾಡುವ ದಾರಿಯನ್ನು ಆರೋಗ್ಯವಂತರೂ ಏರಲಾರರು.

ತರಗತಿಯಲ್ಲಿ ಮೊದಲು ಕಲಿಸುವುದು ಸಮೋನ್ನತ ರೇಖೆಗಳನ್ನು ಓದುವುದನ್ನು. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಕೂಡಿಸಿ ಎಳೆದ ಗೆರೆಗೆ ಈ ಹೆಸರು. ಭಾರತೀಯ ಸರ್ವೇಕ್ಷಣ ಇಲಾಖೆಯ ನಕಾಶೆಗಳಲ್ಲಿ, ಒಂದು ಸೆಂಟಿಮೀಟರಿಗೆ ಅರ್ಧ ಕಿಲೊಮೀಟರಿನ ಪ್ರಮಾಣದಲ್ಲಿ, ಸಾಮಾನ್ಯವಾಗಿ 20 ಮೀಟರಿಗೊಂದರಂತೆ ಈ ಗೆರೆಗಳನ್ನು ಕಾಣಬಹುದು. ಗೆರೆಗಳು ಒತ್ತಾಗಿದ್ದಲ್ಲಿ ನೆಲ ಕಡಿದು, ವಿರಳವಾಗಿದ್ದಲ್ಲಿ ಸಪಾಟು. ಪುಸ್ತಕದಲ್ಲಿ ಇದು ಅನೇಕರ ತಲೆಗೆ ಹತ್ತುವುದಿಲ್ಲ. ಆದರೆ ಕೆರೆಯ ದಡದಲ್ಲಿ ಹುಟ್ಟಿ ಬೆಳೆದವರು ಸಮೋನ್ನತ ರೇಖೆಯನ್ನು ದಿನವೂ ನೋಡಿದ್ದಾರೆ. ನಿಂತ ನೀರಿನ ಅಂಚೇ ಒಂದು ಸಮೋನ್ನತ ರೇಖೆ! ನೀರು ಇಳಿದಂತೆಲ್ಲ ಅಂಚು ಒಂದೊಂದು ಮಟ್ಟ ಕೆಳಗಿನ ರೇಖೆಯನ್ನು ಬರೆಯುತ್ತ ಹೋಗುತ್ತದೆ. ಏರಿಯ ಬಳಿ ಆ ರೇಖೆಗಳು ಒತ್ತಾಗಿಯೂ ನೀರು ಬರುವ ಕಡೆ ವಿರಳವಾಗಿಯೂ ಇರುವುದನ್ನು ಕಂಡವನಿಗೆ ಬೇರೆ ವಿವರಣೆ ಬೇಡ.

ಸಸ್ಯಗಳ ಪಾಠವು ಇದಕ್ಕಿಂತ ವಿಸ್ತಾರವಾದುದು. ಈ ವಿಷಯದಲ್ಲಿ ಸೊರಬದ ಸೀಮೆಗೆ ಸಾಟಿಯಾದ ಸ್ಥಳಗಳು ಕಡಮೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಈ ತಾಲ್ಲೂಕಿನ ಕಾನುಗಳ ವಿಷಯವಾಗಿ ಒಂದು ವರದಿಯನ್ನು ಬರೆದರು. ಅದರಲ್ಲಿ 171 ಕಾನುಗಳ ಲೆಕ್ಕವಿದೆ. ಸುತ್ತಲೂ ಎಲೆಯುದುರುವ ಕಾಡು, ಹುಲ್ಲುಗಾವಲು, ಗದ್ದೆಗಳಿರುವಾಗ ನಡುನಡುವೆ ದ್ವೀಪಗಳಂತೆ ಈ ನಿತ್ಯಹರಿದ್ವರ್ಣದ ತೋಪುಗಳು ಉಳಿದುದು ಹೇಗೆ? ದೇವರ ಭಯದಿಂದ ಕೊಡಲಿ ತಗಲಲಿಲ್ಲವೆಂಬುದು ಒಂದು ಕಾರಣ. ಕಾಡುಮೆಣಸು, ಬೈನೆ ಮುಂತಾದುವುಗಳಿಂದ ಊರಿಗೆ ಆದಾಯವಿತ್ತೆಂಬುದು ಇನ್ನೊಂದು. ಕಾನಿನ ಬುಡದಲ್ಲಿ ಒಸರುವ ನೀರು ಬೇಸಗೆಯಲ್ಲಿಯೂ ತೋಟವನ್ನು ಕಾಯುತ್ತಿತ್ತೆಂಬುದು ಮೂರನೆಯದು. ದೈವ, ಹಣ, ನೀರು ಮೂರೂ ಒಂದೇ ಜಾಗದಲ್ಲಿ ಕೂಡಿದುದರಿಂದ ಆ ಜಾಗ ಉಳಿಯಿತು. ಒಂದು ಸ್ಥಳವನ್ನು ಕಾಪಾಡಬೇಕಾದರೆ ಅದಕ್ಕೆ ಬೇಲಿ ಹಾಕಿದರೆ ಸಾಲದು, ಜನರಿಗೆ ಅದರಿಂದ ಏನು ಪ್ರಯೋಜನವೆಂಬುದನ್ನೂ ವಿನ್ಯಾಸದಲ್ಲಿಯೇ ಸೇರಿಸಬೇಕೆಂದು ಇಂದಿನ ಪಠ್ಯಗಳು ಹೇಳುವುದು ಇದನ್ನೇ. ಈಚಿನ ದಶಕಗಳಲ್ಲಿ ಮಲೆನಾಡಿನ ಬೋಳುಗುಡ್ಡಗಳ ಮೇಲೆ ಸಾಲುಸಾಲಾಗಿ ನೆಟ್ಟ ಅಕೇಶಿಯವನ್ನೂ ಒಂದು ಹಳೆಯ ಕಾನನ್ನೂ ಪಕ್ಕಪಕ್ಕದಲ್ಲಿ ನಿಂತು ಹೋಲಿಸಿ ನೋಡಿದ ವಿದ್ಯಾರ್ಥಿಗೆ, ಹಸುರೆಲ್ಲವೂ ಒಂದೇ ಅಲ್ಲವೆಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಎರಡು ವರ್ಷಗಳ ವ್ಯಾಸಂಗದಲ್ಲಿ ಅರ್ಧಕ್ಕೂ ಮಿಗಿಲಾದ ಹೊತ್ತು ಕಳೆಯುವುದು ಸ್ಟುಡಿಯೊ ಎನ್ನುವ ಕಾರ್ಯಶಾಲೆಯಲ್ಲಿ. ಉಪನ್ಯಾಸ ಕೇಳಿ ಟಿಪ್ಪಣಿ ಬರೆದು ಪಾಸಾಗುವ ವಿದ್ಯೆ ಇದಲ್ಲ. ಒಂದು ನೈಜವಾದ ಸ್ಥಳವನ್ನು ಕೊಟ್ಟು, ಅಳೆದು ಬರುವಂತೆ ಹೇಳಿ, ಯೋಜನೆ ಮಾಡಿಸಿ, ಎಲ್ಲರೆದುರಿಗೆ ಅದನ್ನು ಸಮರ್ಥಿಸಿಕೊಳ್ಳುವಂತೆ ಕೇಳುತ್ತಾರೆ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮವನ್ನೇ ಅಂಥ ಸಮಸ್ಯೆಯಾಗಿ ಕೊಟ್ಟರೆಂದು ಭಾವಿಸೋಣ. ನೀರಿನಲ್ಲಿ ನಿಂತ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಅವನ್ನು ನೋಡಲು ಜನ ಬರುತ್ತಾರೆ. ಜನರಿಗೆ ಹಕ್ಕಿ ಕಾಣಬೇಕು, ಹಕ್ಕಿಗೆ ಜನರು ಕಾಣಕೂಡದು. ದಾರಿ ನೀರಿನಿಂದ ಎಷ್ಟು ದೂರವಿರಬೇಕು? ಮರೆಗೆ ಯಾವ ಪೊದೆ, ಎಷ್ಟು ಎತ್ತರ? ವಾಹನಗಳನ್ನು ಎಲ್ಲಿ ನಿಲ್ಲಿಸಬೇಕು, ಅಲ್ಲಿಂದ ಹರಿದ ಎಣ್ಣೆ ಕೆರೆಗೆ ಸೇರದಂತೆ ಏನು ಮಾಡಬೇಕು? ಹಳೆಯ ಮರಗಳು ಬಿದ್ದುಹೋದ ಮೇಲೆ ಗೂಡಿಗೆ ಮರವೆಲ್ಲಿ? ಅದನ್ನು ಇಂದೇ ಎಲ್ಲಿ ನೆಡಬೇಕು? ಕಟ್ಟಡದ ವಾಸ್ತುಶಿಲ್ಪಿಯ ಕೆಲಸ ಗೃಹಪ್ರವೇಶದ ದಿನ ಪೂರ್ಣವಾಗಿರುತ್ತದೆ. ಭೂದೃಶ್ಯ ವಾಸ್ತುಶಿಲ್ಪಿಯ ಕೆಲಸ ಅಂದು ಮೊಣಕಾಲೆತ್ತರದ ಸಸಿಯಾಗಿರುತ್ತದೆ. ಮೂವತ್ತು ವರ್ಷದ ಮುಂದಿನ ನೆರಳನ್ನು ಕಾಗದದ ಮೇಲೆ ಇಂದು ಬರೆಯುವುದು ಈ ವಿದ್ಯೆಯ ಅತ್ಯಂತ ಕಷ್ಟವಾದ ಭಾಗ. ಕೊನೆಯ ಅವಧಿಯಲ್ಲಿ ವಿದ್ಯಾರ್ಥಿಯು ತಾನೇ ಆರಿಸಿಕೊಂಡ ಸ್ಥಳದ ಮೇಲೆ ಪ್ರಬಂಧವನ್ನು ಒಪ್ಪಿಸಬೇಕಾಗುತ್ತದೆ. ಜಡೆಯವರು ಬೆಂಗಳೂರಿನ ಉದ್ಯಾನವನ್ನೇ ಆರಿಸಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ.

ಹೊರದೇಶಗಳಲ್ಲಿ ಕಲಿಯಬೇಕೆನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ ಬೇರೆ ಯಾವುದೇ ವಿಷಯದಲ್ಲಿ ಪದವಿ ಪಡೆದವರೂ ಸಾಮಾನ್ಯವಾಗಿ ಮೂರು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಬಹುದು. ಸಸ್ಯಶಾಸ್ತ್ರ, ಭೂಗೋಳ, ಅರಣ್ಯಶಾಸ್ತ್ರಗಳಿಂದ ಬಂದವರು ಅಲ್ಲಿ ಅನೇಕರು. ಪದವಿಪೂರ್ವದಲ್ಲಿ ಗಣಿತವನ್ನು ಬಿಟ್ಟು ಶಿರಸಿಯಲ್ಲಿ ಅರಣ್ಯಶಾಸ್ತ್ರವನ್ನು ಓದಿದವರಿಗೆ ಇದೊಂದು ಸುತ್ತುದಾರಿ. ಆದರೆ ವೆಚ್ಚ ವಿಪರೀತವಾದುದರಿಂದ ವಿದ್ಯಾರ್ಥಿವೇತನವಿಲ್ಲದೆ ಹೊರಡುವುದನ್ನು ನಾವು ಯಾರಿಗೂ ಸೂಚಿಸಲಾರೆವು.

ಅರ್ಜಿ ಹಾಕುವ ಮೊದಲು ಮಾಡಿನೋಡಬಹುದಾದ ಪ್ರಯೋಗವೊಂದನ್ನು ಹೇಳುತ್ತೇವೆ. ಇದಕ್ಕೆ ಬೇಕಾದುದು ಹತ್ತಿಪ್ಪತ್ತು ಬಿದಿರಿನ ಗೂಟ, ಒಂದು ಹುರಿ, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ. ಮಾಘಮಾಸದಲ್ಲಿ ನೀರು ಇಳಿಯತೊಡಗಿದಾಗ ಊರ ಕೆರೆಯ ಅಂಚಿನಲ್ಲಿ ಅಲ್ಲಲ್ಲಿ ಗೂಟಗಳನ್ನು ನೆಟ್ಟು, ಅವು ಏರಿಯ ಒಂದು ಗುರುತಿನ ಕಲ್ಲಿನಿಂದ ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿವೆ ಎಂದು ಬರೆದಿಡಿ. ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟಕ್ಕೆ ಗೆರೆ ಹಾಕಿ. ನೀರಿನ ಮಟ್ಟ ಇಪ್ಪತ್ತು ಸೆಂಟಿಮೀಟರು ಇಳಿದಾಗಲೆಲ್ಲ ಹೊಸ ಅಂಚನ್ನು ಹಾಗೆಯೇ ಗುರುತಿಸಿ. ಮಳೆಗಾಲದ ಮೊದಲು ಎಲ್ಲವನ್ನೂ ಒಂದು ದೊಡ್ಡ ಕಾಗದಕ್ಕೆ ಇಳಿಸಿ, ಒಂದೇ ದಿನದ ಗುರುತುಗಳನ್ನು ಒಂದೇ ಗೆರೆಯಿಂದ ಕೂಡಿಸಿ. ಅದರ ಮೇಲೆ ನೀರು ಬರುವ ಹಳ್ಳ, ದನಗಳು ಇಳಿಯುವ ದಾರಿ, ಹಕ್ಕಿಗಳು ಕೂರುವ ಮರ, ಬಟ್ಟೆ ಒಗೆಯುವ ಕಲ್ಲು, ಹೂಳು ತುಂಬಿದ ಮೂಲೆ ಇವನ್ನು ಬರೆಯಿರಿ. ನೀರಿಗಿಳಿಯುವಾಗ ಈಜು ಬಲ್ಲ ಹಿರಿಯರೊಬ್ಬರು ಜೊತೆಗಿರಲಿ.